ನ್ಯಾಸ್ ಕೊಳ್ಳುವಾಗ ಟಿಬಿ ಕೇಳುತ್ತೇವೆ, ಫೈಲ್ ಸಿಸ್ಟಮ್ ಕೇಳುವುದಿಲ್ಲ

ಮಾನ್ಯ ಸಂಪಾದಕರೇ,

ಮನೆಮಂದಿಯ ಫೋಟೊ, ವಿಡಿಯೊ, ಕಾಗದಪತ್ರಗಳನ್ನೆಲ್ಲ ಒಂದೇ ಕಡೆ ಇಟ್ಟುಕೊಳ್ಳುವ, ಮನೆಯ ನೆಟ್‌ವರ್ಕಿಗೆ ಜೋಡಿಸುವ ನ್ಯಾಸ್ ಪೆಟ್ಟಿಗೆಗಳ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಬರಹದಲ್ಲಿ ಬೆಲೆಯಿತ್ತು, ಡಿಸ್ಕಿನ ಅಳತೆಯಿತ್ತು, ಮೊಬೈಲ್ ಆ್ಯಪ್‌ನ ವಿವರವೂ ಇತ್ತು. ಫೈಲ್ ಸಿಸ್ಟಮ್, ಅಂದರೆ ಡಿಸ್ಕಿನ ಮೇಲೆ ಫೈಲುಗಳನ್ನು ಜೋಡಿಸಿಡುವ ಕ್ರಮದ ಬಗ್ಗೆ ಮಾತ್ರ ಒಂದು ಸಾಲೂ ಇರಲಿಲ್ಲ. ಮುಂಬೈ, ಪುಣೆ, ಗೋವೆಯ ಕನ್ನಡಿಗರ ಮನೆಗಳಲ್ಲಿ, ಸಂಘಗಳ ಕಚೇರಿಗಳಲ್ಲಿ ಈಗ ಇಂಥ ಪೆಟ್ಟಿಗೆಗಳು ಬಂದು ಕೂರುತ್ತಿವೆ. ಹಳೆಯ ಸ್ಮರಣ ಸಂಚಿಕೆಗಳ ಸ್ಕ್ಯಾನ್, ಯಕ್ಷಗಾನದ ರೆಕಾರ್ಡಿಂಗ್, ಮದುವೆಯ ವಿಡಿಯೊ ಎಲ್ಲವೂ ಅದರೊಳಗೆ. ಹಾಗಾಗಿ ಬಿಟ್ಟುಹೋದದ್ದನ್ನು ತುಸು ವಿವರವಾಗಿಯೇ ಬರೆಯಬೇಕಾಗಿದೆ.

ಡಿಸ್ಕ್ ಸಾಲದಿದ್ದರೆ ನಾಳೆ ದೊಡ್ಡದು ಹಾಕಬಹುದು, ಪೆಟ್ಟಿಗೆ ಕೆಟ್ಟರೆ ಬೇರೆ ತರಬಹುದು. ಫೈಲ್ ಸಿಸ್ಟಮ್ ಹಾಗಲ್ಲ. ನ್ಯಾಸ್‌ನಲ್ಲಿ ಅದನ್ನು ಬದಲಿಸಬೇಕೆಂದರೆ ಡಿಸ್ಕನ್ನು ಪೂರ್ತಿ ಅಳಿಸಿ ಮತ್ತೆ ತುಂಬಬೇಕು. ಆದರೆ ಆ ಆಯ್ಕೆ ನಡೆಯುವುದು ಹೇಗೆ? ಮುಂಬೈಯ ಲ್ಯಾಮಿಂಗ್ಟನ್ ರೋಡಿನಲ್ಲೋ ಪುಣೆಯ ತಪಕೀರ್ ಗಲ್ಲಿಯಲ್ಲೋ ಪೆಟ್ಟಿಗೆ ಕೊಂಡರೆ ಅಂಗಡಿಯ ಹುಡುಗ ಅಲ್ಲೇ ಡಿಸ್ಕ್ ಕೂರಿಸಿ, ‘ನೆಕ್ಸ್ಟ್, ನೆಕ್ಸ್ಟ್’ ಒತ್ತಿ ಐದು ನಿಮಿಷದಲ್ಲಿ ಕೈಗೆ ಕೊಡುತ್ತಾನೆ. ಆ ‘ನೆಕ್ಸ್ಟ್’ಗಳ ನಡುವೆ ಎಲ್ಲೋ ಫೈಲ್ ಸಿಸ್ಟಮ್ ತೀರ್ಮಾನವಾಗಿ ಹೋಗಿರುತ್ತದೆ. ಡಿಸ್ಕ್ ಕೂರಿಸಿಕೊಡಲಿ, ಸೆಟಪ್ ಮಾತ್ರ ಮನೆಗೆ ಬಂದು ನೀವೇ ಮಾಡಿ.

ಮೊದಲು ಒಂದು ತಪ್ಪು ತಿಳಿವಳಿಕೆ. ‘ಮನೆಯಲ್ಲಿರುವುದೆಲ್ಲ ವಿಂಡೋಸ್, ಆದ್ದರಿಂದ ನ್ಯಾಸ್‌ಗೂ ವಿಂಡೋಸ್‌ನ ಫೈಲ್ ಸಿಸ್ಟಮ್ ಆದ ಎನ್‌ಟಿಎಫ್‌ಎಸ್ ಬೇಕು’ ಎನ್ನುವವರು ಬಹಳ. ನ್ಯಾಸ್‌ನ ಒಳಗಿನ ಡಿಸ್ಕನ್ನು ನಿಮ್ಮ ಲ್ಯಾಪ್‌ಟಾಪ್ ನೇರವಾಗಿ ಓದುವುದೇ ಇಲ್ಲ. ಅದು ಎಸ್‌ಎಂಬಿ ಎಂಬ ನೆಟ್‌ವರ್ಕ್ ಭಾಷೆಯಲ್ಲಿ ಫೈಲ್ ಕೇಳುತ್ತದೆ. ಡಿಸ್ಕ್ ಓದಿ ಕೊಡುವುದು ಪೆಟ್ಟಿಗೆಯೊಳಗಿನ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್. ಒಳಗೆ ಯಾವ ಫೈಲ್ ಸಿಸ್ಟಮ್ ಇದ್ದರೂ ವಿಂಡೋಸ್, ಮ್ಯಾಕ್, ಮೊಬೈಲ್ ಎಲ್ಲಕ್ಕೂ ಒಂದೇ. ಲಿನಕ್ಸ್ ಮೇಲೆ ಎನ್‌ಟಿಎಫ್‌ಎಸ್ ನಡೆಯುತ್ತದೆ ನಿಜ, ಆದರೆ ಕೆಟ್ಟಾಗ ಸರಿಪಡಿಸಲು ಡಿಸ್ಕ್ ಕಿತ್ತು ವಿಂಡೋಸ್‌ಗೇ ಕೊಂಡೊಯ್ಯಬೇಕು. ಎಕ್ಸ್‌ಫ್ಯಾಟ್ ಎಂಬ ಇನ್ನೊಂದು ಫೈಲ್ ಸಿಸ್ಟಮ್‌ನಲ್ಲಿ ಜರ್ನಲ್ (ಮಾಡಹೊರಟ ಬದಲಾವಣೆಯನ್ನು ಮೊದಲೇ ಬರೆದಿಡುವ ದಿನಚರಿ) ಇಲ್ಲ, ಬಳಕೆದಾರರ ಅನುಮತಿಗಳೂ ಇಲ್ಲ. ಅದು ಪೆನ್‌ಡ್ರೈವ್‌ಗೆ, ಕ್ಯಾಮೆರಾ ಕಾರ್ಡಿಗೆ ಸರಿ. ಹಗಲೂ ರಾತ್ರಿ ಓಡುವ ಪೆಟ್ಟಿಗೆಗೆ ಬೇಡವೇ ಬೇಡ.

ಎರಡನೆಯದು ವೇಗದ ಮಾತು. ಯಾವ ಫೈಲ್ ಸಿಸ್ಟಮ್ ಎಷ್ಟು ಚುರುಕು ಎಂದು ತೋರಿಸುವ ಪಟ್ಟಿಗಳನ್ನು ನೋಡಿ ತಲೆ ಕೆಡಿಸಿಕೊಳ್ಳಬೇಡಿ. ಮನೆಯ 1 ಗಿಗಾಬಿಟ್ ಕೇಬಲ್‌ನಲ್ಲಿ ಸೆಕೆಂಡಿಗೆ 110 ಎಂಬಿ ಆಸುಪಾಸು ಹರಿದರೆ ಅದೇ ಗರಿಷ್ಠ. ಇವತ್ತಿನ ಒಂದೇ ಒಂದು ಸಾಧಾರಣ ಡಿಸ್ಕ್ ಅದಕ್ಕಿಂತ ಹೆಚ್ಚು ಕೊಡುತ್ತದೆ. ತಡೆ ಇರುವುದು ಕೇಬಲ್‌ನಲ್ಲಿ, ವೈಫೈ ಆದರೆ ಇನ್ನೂ ಮುಂಚೆ.

ಹಾಗಾದರೆ ನೋಡಬೇಕಾದದ್ದೇನು? ಡಿಸ್ಕ್ ತನಗೇ ತಿಳಿಯದಂತೆ ತಪ್ಪು ಮಾಹಿತಿ ಕೊಟ್ಟರೆ ಫೈಲ್ ಸಿಸ್ಟಮ್‌ಗೆ ಗೊತ್ತಾಗುತ್ತದೆಯೇ? ಮನೆಯಲ್ಲಿ ಯಾರೋ ಅಳಿಸಿದರೆ, ಅಥವಾ ಲ್ಯಾಪ್‌ಟಾಪಿಗೆ ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ರಾನ್ಸಮ್‌ವೇರ್ ತಗುಲಿ ಹಂಚಿಕೆಯ ಫೋಲ್ಡರಿಗೂ ಬೀಗ ಹಾಕಿದರೆ ನಿನ್ನೆಯ ಸ್ಥಿತಿಗೆ ಮರಳಬಹುದೇ? ಕರೆಂಟ್ ಹೋದರೆ ಎಷ್ಟು ನಷ್ಟ? ಪೆಟ್ಟಿಗೆಯೇ ಸತ್ತರೆ ಡಿಸ್ಕಿನಿಂದ ಮಾಹಿತಿ ತೆಗೆಯಲು ಯಾರಿಗೆ ಬರುತ್ತದೆ?

ಇಎಕ್ಸ್‌ಟಿ4 ಎಂಬ ಫೈಲ್ ಸಿಸ್ಟಮ್ ಲಿನಕ್ಸ್‌ಗೆ 2008ರಲ್ಲಿ ಪಕ್ಕಾ ರೂಪದಲ್ಲಿ ಸೇರಿತು. ಗಟ್ಟಿ, ಹಗುರ, ಕಡಿಮೆ ಮೆಮೊರಿ ಸಾಕು, ಕೆಟ್ಟರೆ ಸರಿಪಡಿಸುವ ಸಾಧನ ಪಳಗಿದ್ದು, ಯಾವ ಲಿನಕ್ಸ್ ಕಂಪ್ಯೂಟರಿಗೆ ಸಿಕ್ಕಿಸಿದರೂ ತೆರೆಯುತ್ತದೆ. ದೊಡ್ಡ ಕೊರತೆ ಒಂದಿದೆ: ನಿಮ್ಮ ಫೈಲಿನೊಳಗಿನ ಮಾಹಿತಿಗೆ ಅದು ಚೆಕ್‌ಸಮ್, ಅಂದರೆ ಮಾಹಿತಿ ಬದಲಾಗಿದೆಯೇ ಎಂದು ತಾಳೆ ನೋಡುವ ಸಂಖ್ಯೆ, ಇಡುವುದಿಲ್ಲ. ಎರಡು ಡಿಸ್ಕ್ ಹಾಕಿ ಒಂದರ ಪ್ರತಿ ಇನ್ನೊಂದರಲ್ಲಿರುವ ಹಾಗೆ ರೇಡ್ 1 ಮಾಡಿದ್ದೀರಿ ಎನ್ನೋಣ. ಒಂದು ಡಿಸ್ಕ್ ಪೂರ್ತಿ ಸತ್ತರೆ ತೊಂದರೆಯಿಲ್ಲ. ಆದರೆ ಒಂದು ಡಿಸ್ಕಿನಲ್ಲಿ ನಾಲ್ಕಾರು ಬಿಟ್‌ಗಳು ಸದ್ದಿಲ್ಲದೆ ಬದಲಾಗಿ ಎರಡೂ ಪ್ರತಿ ಬೇರೆ ಬೇರೆಯಾದರೆ? ಹೋಟೆಲಿನ ಗಲ್ಲಾದಲ್ಲಿ ಎರಡು ಲೆಕ್ಕದ ಪುಸ್ತಕ ಎರಡು ಮೊತ್ತ ತೋರಿಸಿದ ಹಾಗೆ. ಸರಿ ಯಾವುದೆಂದು ಹೇಳುವವರಿಲ್ಲ. ಲಿನಕ್ಸ್‌ನ ಸಾದಾ ರೇಡ್ ತಪಾಸಣೆ ‘ವ್ಯತ್ಯಾಸ ಇದೆ’ ಎನ್ನುತ್ತದೆ, ‘ರಿಪೇರಿ’ ಎಂದರೆ ಒಂದು ಪ್ರತಿಯನ್ನು ಇನ್ನೊಂದರ ಮೇಲೆ ಬರೆಯುತ್ತದೆ. ಬರೆದದ್ದು ಕೆಟ್ಟ ಪ್ರತಿಯೂ ಆಗಿರಬಹುದು.

ಈ ಕೊರತೆ ತುಂಬುವ ಫೈಲ್ ಸಿಸ್ಟಮ್‌ಗಳು ಬಿಟಿಆರ್‌ಎಫ್‌ಎಸ್ ಮತ್ತು ಝಡ್‌ಎಫ್‌ಎಸ್. ಬರೆಯುವ ಪ್ರತಿ ತುಂಡಿಗೂ ಒಂದು ಚೆಕ್‌ಸಮ್ ಲೆಕ್ಕ ಹಾಕಿ ಬೇರೆ ಜಾಗದಲ್ಲಿ ಇಡುತ್ತವೆ. ಓದುವಾಗ ಹೊಂದದಿದ್ದರೆ ಎರಡನೆಯ ಪ್ರತಿ ನೋಡಿ, ಅದು ಹೊಂದಿದರೆ ಅದನ್ನು ಕೊಟ್ಟು, ಕೆಟ್ಟದ್ದನ್ನು ತಿದ್ದುತ್ತವೆ. ಎರಡನೆಯ ಪ್ರತಿ ಇಲ್ಲದ ಒಂಟಿ ಡಿಸ್ಕ್ ಆದರೆ ತಿದ್ದಲಾಗದು, ಆದರೂ ‘ಈ ಫೈಲ್ ಕೆಟ್ಟಿದೆ’ ಎಂದಾದರೂ ಹೇಳುತ್ತವೆ. ಅಷ್ಟು ಗೊತ್ತಾದರೆ ಬ್ಯಾಕಪ್‌ನಿಂದ ತರಬಹುದು. ಹತ್ತು ವರ್ಷ ತೆರೆಯದ ಮದುವೆಯ ಆಲ್ಬಮ್‌ನ ವಿಷಯದಲ್ಲಿ ಇದು ಸಣ್ಣ ಮಾತಲ್ಲ. ಇಲ್ಲವಾದರೆ ಕೆಟ್ಟ ಪ್ರತಿಯೇ ವರ್ಷಗಟ್ಟಲೆ ಬ್ಯಾಕಪ್ ಆಗುತ್ತಾ ಹೋಗಿರುತ್ತದೆ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಎರಡು ಡಿಸ್ಕಿನ ಸಿದ್ಧ ಪೆಟ್ಟಿಗೆ ಕೊಳ್ಳುವವರು ಬಿಟಿಆರ್‌ಎಫ್‌ಎಸ್ ಇರುವ ಮಾದರಿಯನ್ನೇ ಕೊಳ್ಳಬೇಕು. ಸಿನಾಲಜಿ ಕಂಪನಿಯ ಹೆಚ್ಚಿನ ಮಾದರಿಗಳಲ್ಲಿ ಅದಿದೆ. ಕ್ಯೂನ್ಯಾಪ್‌ನವರದು ಬೇರೆ ದಾರಿ: ಅವರ ಸಾಮಾನ್ಯ ಸಾಫ್ಟ್‌ವೇರ್ ಆದ ಕ್ಯೂಟಿಎಸ್‌ನಲ್ಲಿ ಇಎಕ್ಸ್‌ಟಿ4, ಕ್ಯುಯುಟಿಎಸ್ ಹೀರೋ (QuTS hero) ಎಂಬುದರಲ್ಲಿ ಝಡ್‌ಎಫ್‌ಎಸ್. ಹಳೆಯ ಪಿಸಿಯನ್ನೇ ನ್ಯಾಸ್ ಮಾಡಿಕೊಳ್ಳುವವರು, 8 ಜಿಬಿ ಅಥವಾ ಹೆಚ್ಚು ರ‍್ಯಾಮ್ ಇದ್ದು ತಿಂಗಳಿಗೊಮ್ಮೆ ಇಣುಕಿ ನೋಡುವ ತಾಳ್ಮೆಯೂ ಇದ್ದರೆ, ಟ್ರೂನ್ಯಾಸ್ ಎಂಬ ನ್ಯಾಸ್ ಸಾಫ್ಟ್‌ವೇರ್ ಹಾಕಿ ಝಡ್‌ಎಫ್‌ಎಸ್ ಬಳಸಲಿ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ ಒಂದು ಯುಎಸ್‌ಬಿ ಡಿಸ್ಕ್ ಸಿಕ್ಕಿಸಿ ಸಾಕು ಎನ್ನುವವರಿಗೆ ಇಎಕ್ಸ್‌ಟಿ4 ಸಾಕು, ಬ್ಯಾಕಪ್ ಮಾತ್ರ ತಪ್ಪಬಾರದು. ಎಕ್ಸ್‌ಎಫ್‌ಎಸ್ ಎಂಬ ಇನ್ನೊಂದು ಫೈಲ್ ಸಿಸ್ಟಮ್ ದೊಡ್ಡ ವಿಡಿಯೊ ಫೈಲುಗಳಿಗೆ ಒಳ್ಳೆಯದೇ, ಆದರೆ ಅದರ ಅಳತೆಯನ್ನು ಹಿಗ್ಗಿಸಬಹುದು, ಕುಗ್ಗಿಸಲಾಗದು. ಫೈಲಿನ ಮಾಹಿತಿಗೆ ಚೆಕ್‌ಸಮ್ ಅದರಲ್ಲೂ ಇಲ್ಲ.

ಬಿಟಿಆರ್‌ಎಫ್‌ಎಸ್ ಆರಿಸಿದರೆ ಕೆಲಸ ಮುಗಿಯಲಿಲ್ಲ. ಸಿನಾಲಜಿಯಲ್ಲಿ ಹಂಚಿಕೆಯ ಫೋಲ್ಡರ್ ಮಾಡುವಾಗ ‘ಡೇಟಾ ಚೆಕ್‌ಸಮ್’ ಎಂಬ ಚೌಕವೊಂದು ಬರುತ್ತದೆ. ಅದಕ್ಕೆ ಟಿಕ್ ಹಾಕದಿದ್ದರೆ ಇಷ್ಟು ಹೊತ್ತು ಹೇಳಿದ ಲಾಭ ಆ ಫೋಲ್ಡರ್‌ಗೆ ಸಿಗದು, ಫೋಲ್ಡರ್ ಆದ ಮೇಲೆ ಬದಲಿಸಲೂ ಆಗದು. ಫೋಟೊ, ಕಾಗದಪತ್ರ, ವಿಡಿಯೊ ಫೋಲ್ಡರ್‌ಗಳಿಗೆ ಟಿಕ್ ಇರಲಿ. ವರ್ಚುವಲ್ ಮಷಿನ್, ಡೇಟಾಬೇಸ್, ಸಿಸಿ ಕ್ಯಾಮೆರಾ ರೆಕಾರ್ಡಿಂಗ್‌ನ ಫೋಲ್ಡರ್‌ಗಳಿಗೆ ಬೇಡ. ಅಲ್ಲಿ ಒಂದೇ ಫೈಲಿನ ನಡುನಡುವೆ ಮತ್ತೆ ಮತ್ತೆ ಬರೆಯುವುದರಿಂದ ಫೈಲ್ ಚೂರುಚೂರಾಗಿ ಡಿಸ್ಕ್ ಏದುಸಿರು ಬಿಡುತ್ತದೆ. ನಾಲ್ಕು ಡಿಸ್ಕಿನ ಪೆಟ್ಟಿಗೆಯನ್ನು ಸ್ವತಃ ಲಿನಕ್ಸ್‌ನಲ್ಲಿ ಕಟ್ಟುವವರು ಬಿಟಿಆರ್‌ಎಫ್‌ಎಸ್‌ನ ಸ್ವಂತ ರೇಡ್ 5, ರೇಡ್ 6 (ಪೂರ್ತಿ ಪ್ರತಿಯ ಬದಲು ಪ್ಯಾರಿಟಿ ಎಂಬ ಲೆಕ್ಕವನ್ನಿಟ್ಟು ಸತ್ತ ಡಿಸ್ಕಿನ ಮಾಹಿತಿ ಮರಳಿ ಪಡೆಯುವ ಬಗೆ) ಮುಟ್ಟಬಾರದು. ಬರೆಯುವ ಮಧ್ಯೆ ಕರೆಂಟ್ ಹೋದರೆ ಪ್ಯಾರಿಟಿ ಹೊಂದದೆ ಉಳಿಯುವ ಅದರ ದೋಷ ಹಳೆಯದು. ಸಿನಾಲಜಿ ಈ ಕಾರಣಕ್ಕೇ ರೇಡ್ ಕೆಲಸವನ್ನು ಲಿನಕ್ಸ್‌ನ ಹಳೆಯ ಎಂಡಿ ರೇಡ್‌ಗೆ ಬಿಟ್ಟು ಅದರ ಮೇಲೆ ಬಿಟಿಆರ್‌ಎಫ್‌ಎಸ್ ಹಾಸುತ್ತದೆ. ಇನ್ನೊಂದು ಎಚ್ಚರಿಕೆ: ಬಿಟಿಆರ್‌ಎಫ್‌ಎಸ್ ಕೆಟ್ಟಾಗ ಚೆಕ್ ಸಾಧನದ ‘ರಿಪೇರಿ’ ಆಯ್ಕೆ ಮೊದಲ ಮದ್ದಲ್ಲ, ಕೊನೆಯದು. ಇಎಕ್ಸ್‌ಟಿ4 ಅಭ್ಯಾಸದಲ್ಲಿ ಅದನ್ನು ಓಡಿಸಿದರೆ ಉಳಿದದ್ದೂ ಹೋಗಬಹುದು. ಮೊದಲು ಓದಲು ಮಾತ್ರ ಎಂಬಂತೆ ತೆರೆದು ಮಾಹಿತಿ ಹೊರಗೆ ತೆಗೆಯಿರಿ.

ಬೇರೆ ಬೇರೆ ಅಳತೆಯ ಹಳೆಯ ಡಿಸ್ಕುಗಳಿರುವವರಿಗೆ ಬಿಟಿಆರ್‌ಎಫ್‌ಎಸ್‌ನ ರೇಡ್ 1 ಒಂದು ವರ. ಎಷ್ಟು ಡಿಸ್ಕ್ ಇದ್ದರೂ ಪ್ರತಿ ತುಂಡನ್ನು ಎರಡು ಕಡೆ ಇಡುವುದಷ್ಟೇ ಅದರ ನಿಯಮ. 4, 4, 8 ಟಿಬಿಯ ಮೂರು ಡಿಸ್ಕ್ ಕೂಡಿಸಿದರೆ 8 ಟಿಬಿ ಬಳಕೆಗೆ ಸಿಗುತ್ತದೆ. ಝಡ್‌ಎಫ್‌ಎಸ್ ಕನ್ನಡಿ ಜೋಡಿಯಲ್ಲಿ 4 ಮತ್ತು 8 ಹಾಕಿದರೆ ಸಿಗುವುದು 4 ಮಾತ್ರ.

ಝಡ್‌ಎಫ್‌ಎಸ್ ಸನ್ ಮೈಕ್ರೊಸಿಸ್ಟಮ್ಸ್‌ನಲ್ಲಿ ಹುಟ್ಟಿದ್ದು. ಪರವಾನಗಿಯ ತೊಡಕಿನಿಂದ ಲಿನಕ್ಸ್‌ನ ತಿರುಳಾದ ಕರ್ನಲ್‌ನೊಳಗೆ ಸೇರಿಲ್ಲ, ಹೊರಗಿನಿಂದ ಜೋಡಿಸಬೇಕು. ಟ್ರೂನ್ಯಾಸ್‌ನಲ್ಲಿ ಆ ಕೆಲಸ ಆಗಿಯೇ ಬರುತ್ತದೆ, ಲಿನಕ್ಸ್‌ನ ಜನಪ್ರಿಯ ರೂಪವಾದ ಉಬುಂಟುವಿನಲ್ಲೂ ಸುಲಭ. ‘ಪ್ರತಿ ಟಿಬಿಗೆ 1 ಜಿಬಿ ರ‍್ಯಾಮ್ ಇಲ್ಲದಿದ್ದರೆ ನಡೆಯದು’ ಎಂಬ ಹೆದರಿಕೆ ಮನೆಯ ಮಟ್ಟಿಗೆ ನಂಬಬೇಕಿಲ್ಲ. ಅಷ್ಟೊಂದು ಮೆಮೊರಿ ಬೇಕಾಗುವುದು ಒಂದೇ ಮಾಹಿತಿ ಹಲವು ಕಡೆ ಇದ್ದರೆ ಒಂದೇ ಸಲ ಇಡುವ ಡಿಡೂಪ್ ಎಂಬ ಸೌಲಭ್ಯಕ್ಕೆ, ಅದನ್ನು ಚಾಲೂ ಮಾಡಲೇಬೇಡಿ. ಡಿಸ್ಕುಗಳನ್ನು ಒಂದುಗೂಡಿಸಿ ಪೂಲ್ ಕಟ್ಟುವಾಗ, ಸೆಕ್ಟರ್ ಅಳತೆ ತಿಳಿಸುವ ಆಶಿಫ್ಟ್ ಎಂಬ ಸಂಖ್ಯೆ 12 ಇರಲಿ. ಇಂದಿನ ಡಿಸ್ಕುಗಳ ಸೆಕ್ಟರ್ 4 ಕೆಬಿಯದು, ಆ ಡಿಸ್ಕನ್ನು ಕೂಡಿಸಿದ ಮೇಲೆ ಈ ಸಂಖ್ಯೆ ತಿದ್ದಲಾಗದು. ಮಾಹಿತಿ ಕುಗ್ಗಿಸಿಡುವ ಎಲ್‌ಝಡ್4 ಕಂಪ್ರೆಷನ್ ಇರಲಿ, ಫೈಲ್ ತೆರೆದ ವೇಳೆ ಬರೆದಿಡುವ ಎಟೈಮ್ ಆಫ್ ಮಾಡಿ, ವಿಡಿಯೊಗಳ ಡೇಟಾಸೆಟ್‌ಗೆ (ಪೂಲ್‌ನೊಳಗಿನ ವಿಭಾಗ) ರೆಕಾರ್ಡ್ ಸೈಜ್, ಅಂದರೆ ತುಂಡಿನ ಅಳತೆ, 1 ಎಂಬಿ ಕೊಡಿ. ಹಾರ್ಡ್‌ವೇರ್ ರೇಡ್ ಕಾರ್ಡ್ ನಡುವೆ ಬೇಡ. ಯುಎಸ್‌ಬಿ ಡಬ್ಬಿಯಲ್ಲಿ ನಾಲ್ಕು ಡಿಸ್ಕ್ ಹಾಕಿ ಅದರ ಮೇಲೆ ಝಡ್‌ಎಫ್‌ಎಸ್ ಕಟ್ಟುವುದೂ ಬೇಡ. ಡಬ್ಬಿಯ ಚಿಪ್ ಬಿಸಿಯೇರಿ ಒಂದು ಕ್ಷಣ ಸಂಪರ್ಕ ತಪ್ಪಿದರೆ ನಾಲ್ಕೂ ಡಿಸ್ಕ್ ಒಟ್ಟಿಗೆ ಮಾಯವಾಗಿ ಪೂಲ್ ನಿಂತುಬಿಡುತ್ತದೆ.

ಎರಡರಲ್ಲೂ ಡಿಸ್ಕ್ ಕಂಠಪೂರ್ತಿ ತುಂಬಬಾರದು. ಬದಲಾದದ್ದನ್ನು ಹಳೆಯ ಜಾಗದ ಮೇಲೆ ಬರೆಯದೆ ಹೊಸ ಜಾಗಕ್ಕೆ ಬರೆಯುವುದೇ ಇವುಗಳ ರೀತಿಯಾದ್ದರಿಂದ ಖಾಲಿ ಜಾಗ ಬೇಕೇ ಬೇಕು. 80 ಶೇಕಡಾ ದಾಟಿದಾಗ ಹೊಸ ಡಿಸ್ಕಿನ ಯೋಚನೆ ಮಾಡಿ. ಇಎಕ್ಸ್‌ಟಿ4ನಲ್ಲಿ ಇದರ ಉಲ್ಟಾ ತಮಾಷೆಯಿದೆ: ರೂಟ್, ಅಂದರೆ ಯಂತ್ರದ ಮೇಲ್ವಿಚಾರಕ ಬಳಕೆದಾರನಿಗೆಂದು ಅದು ತಾನಾಗಿ 5 ಶೇಕಡಾ ಜಾಗ ಎತ್ತಿಡುತ್ತದೆ. 4 ಟಿಬಿ ಡಿಸ್ಕಿನಲ್ಲಿ ಅದು 200 ಜಿಬಿ. ಬರೀ ಫೈಲ್ ಇಡುವ ಡಿಸ್ಕ್ ಆದರೆ 1 ಶೇಕಡಾಕ್ಕೆ ಇಳಿಸಬಹುದು.

ಡಿಸ್ಕ್ ಕೊಳ್ಳುವಾಗ ಪಟ್ಟಿಗಳನ್ನು ಬಿಡಿಬಿಡಿಯಾಗಿ ಬರೆಯುವ ಸಿಎಂಆರ್ ಬಗೆಯದೆಂದು ಖಚಿತ ಮಾಡಿಕೊಳ್ಳಿ. ಎಸ್‌ಎಂಆರ್ ಡಿಸ್ಕಿನಲ್ಲಿ ಪಕ್ಕದ ಪಟ್ಟಿಗಳು ಒಂದರ ಮೇಲೊಂದು ಸರಿದಿರುವುದರಿಂದ ಒಂದು ಕಡೆ ತಿದ್ದಲು ಸುತ್ತಲಿನದನ್ನೂ ಮತ್ತೆ ಬರೆಯಬೇಕು. ಮಾಮೂಲಿ ಬಳಕೆಯಲ್ಲಿ ತಿಳಿಯುವುದಿಲ್ಲ. ಕೆಟ್ಟ ಡಿಸ್ಕ್ ಬದಲಿಸಿ ಮರುತುಂಬಿಸುವ ದಿನ ತಿಳಿಯುತ್ತದೆ. ಒಳ್ಳೆಯ 4 ಟಿಬಿ ಡಿಸ್ಕ್ ಸೆಕೆಂಡಿಗೆ 150 ಎಂಬಿಯಂತೆ ತುಂಬಿದರೂ ಏಳೂವರೆ ಗಂಟೆ ಬೇಕು. ಎಸ್‌ಎಂಆರ್‌ನಲ್ಲಿ ಅದು ದಿನಗಟ್ಟಲೆ ಎಳೆಯಬಹುದು, ನಡುವೆ ಡಿಸ್ಕ್ ಉತ್ತರ ಕೊಡುತ್ತಿಲ್ಲವೆಂದು ಪೆಟ್ಟಿಗೆ ಅದನ್ನು ಹೊರಗೆ ತಳ್ಳಲೂಬಹುದು.

ಇನ್ನು ಕರೆಂಟು. 2020ರ ಅಕ್ಟೋಬರ್ 12ರಂದು ಗ್ರಿಡ್ ಕೈಕೊಟ್ಟು ಮುಂಬೈಗೆ ಮುಂಬೈಯೇ ನಿಂತಿತು. ‘ಮುಂಬೈಯಲ್ಲಿ ಕರೆಂಟ್ ಹೋಗುವುದಿಲ್ಲ, ಯುಪಿಎಸ್ ಯಾಕೆ’ ಎನ್ನುವವರು ಅದನ್ನು ನೆನೆಯಲಿ. ಪುಣೆಯಲ್ಲಿ ದುರಸ್ತಿಗೆಂದು ಗುರುವಾರ ಕರೆಂಟ್ ತೆಗೆಯುವುದು ರೂಢಿ. ಗೋವೆಯ ಮಳೆಗಾಲದ ಬಗ್ಗೆ ಹೇಳುವುದೇ ಬೇಡ. ಇಎಕ್ಸ್‌ಟಿ4ನ ಜರ್ನಲ್ ಕಾಯುವುದು ಫೈಲ್ ಸಿಸ್ಟಮ್‌ನ ಚೌಕಟ್ಟನ್ನು. ಕರೆಂಟ್ ಬಂದ ಮೇಲೆ ಡಿಸ್ಕ್ ಸೆಕೆಂಡುಗಳಲ್ಲಿ ಸಿದ್ಧವಾಗುತ್ತದೆ, ಆದರೆ ಆಗ ಬರೆಯುತ್ತಿದ್ದ ಫೈಲ್ ಅರ್ಧಂಬರ್ಧ ಇರಬಹುದು. ಬಿಟಿಆರ್‌ಎಫ್‌ಎಸ್, ಝಡ್‌ಎಫ್‌ಎಸ್‌ಗಳಲ್ಲಿ ಹಳೆಯದರ ಮೇಲೆ ಬರೆಯುವುದಿಲ್ಲವಾದ್ದರಿಂದ ಕೊನೆಯ ಪೂರ್ಣ ಸ್ಥಿತಿಗೆ ಮರಳುತ್ತವೆ. ಮಾಮೂಲಿ ಸೆಟ್ಟಿಂಗ್‌ನಲ್ಲಿ ಬಿಟಿಆರ್‌ಎಫ್‌ಎಸ್ 30 ಸೆಕೆಂಡಿಗೊಮ್ಮೆ, ಝಡ್‌ಎಫ್‌ಎಸ್ 5 ಸೆಕೆಂಡಿಗೊಮ್ಮೆ ಬರಹವನ್ನು ಡಿಸ್ಕಿಗೆ ಒಪ್ಪಿಸುತ್ತದೆ. ಹೋದರೆ ಅಷ್ಟು ಹೊತ್ತಿನ ಬರಹ. ಹಾಗೆಂದು ಯುಪಿಎಸ್ ಬೇಡವೆಂದಲ್ಲ. ಎರಡು ಡಿಸ್ಕಿನ ಪೆಟ್ಟಿಗೆಗೆ 600 ವಿಎ ಧಾರಾಳ ಸಾಕು, ಆದರೆ ಯುಎಸ್‌ಬಿ ಕಿಂಡಿ ಇರುವುದನ್ನು ಕೇಳಿ ತನ್ನಿ. ಅಗ್ಗದ ಬಹಳಷ್ಟು ಮಾದರಿಗಳಲ್ಲಿ ಅದಿಲ್ಲ. ಆ ಕೇಬಲ್ ಮೂಲಕ ‘ಬ್ಯಾಟರಿ ಮೇಲೆ ಓಡುತ್ತಿದ್ದೇನೆ’ ಎಂಬ ಸುದ್ದಿ ಬಂದರೆ ಮಾತ್ರ ನ್ಯಾಸ್ ತಾನಾಗಿ ಶಿಸ್ತಾಗಿ ಬಂದ್ ಆಗುತ್ತದೆ. ಇಲ್ಲವಾದರೆ ಬ್ಯಾಟರಿ ಮುಗಿದಾಗ ಅದೇ ಹಠಾತ್ ಸಾವು, ಹತ್ತು ನಿಮಿಷ ತಡವಾಗಿ. ಮನೆಯ ಇನ್ವರ್ಟರ್ ಮೇಲೆ ಇಟ್ಟಿರುವವರು ಅದರ ಸ್ವಿಚ್ ‘ಯುಪಿಎಸ್’ ಮೋಡ್‌ನಲ್ಲಿದೆಯೇ ನೋಡಿ.

ಬಿಟಿಆರ್‌ಎಫ್‌ಎಸ್, ಝಡ್‌ಎಫ್‌ಎಸ್‌ಗಳಲ್ಲಿ ಸಿಗುವ ಸ್ನ್ಯಾಪ್‌ಶಾಟ್, ಅಂದರೆ ಆ ಹೊತ್ತಿನ ಸ್ಥಿತಿಯನ್ನು ಹಿಡಿದಿಡುವ ಸೌಲಭ್ಯದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ದಿನಕ್ಕೊಂದರಂತೆ ಎರಡು ವಾರ, ವಾರಕ್ಕೊಂದರಂತೆ ಎರಡು ತಿಂಗಳು ಇಟ್ಟರೆ ಮನೆಗೆ ಸಾಕು. ವಿಂಡೋಸ್‌ನಲ್ಲಿ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ‘ಹಿಂದಿನ ಆವೃತ್ತಿಗಳು’ ಕಾಣುವ ಹಾಗೆ ಮಾಡಿಟ್ಟರೆ ಮಕ್ಕಳೂ ಅಳಿಸಿದ್ದನ್ನು ತಾವೇ ತಂದುಕೊಳ್ಳುತ್ತಾರೆ. ‘ಇಷ್ಟೊಂದು ಅಳಿಸಿದರೂ ಜಾಗ ಖಾಲಿಯಾಗುತ್ತಿಲ್ಲ’ ಎಂಬ ದೂರಿಗೆ ಕಾರಣವೂ ಇದೇ: ಸ್ನ್ಯಾಪ್‌ಶಾಟ್ ಇರುವ ತನಕ ಅಳಿಸಿದ ಫೈಲ್ ಡಿಸ್ಕಿನಲ್ಲೇ ಇರುತ್ತದೆ. ಡಿಸ್ಕಿನಲ್ಲಿರುವುದೆಲ್ಲವನ್ನೂ ಓದಿ ಚೆಕ್‌ಸಮ್ ತಾಳೆ ನೋಡುವ ಸ್ಕ್ರಬ್ ತಿಂಗಳಿಗೊಮ್ಮೆ ತಾನಾಗಿ ಓಡುವ ಹಾಗೆ ವೇಳಾಪಟ್ಟಿ ಹಾಕಿ, ಫಲಿತಾಂಶ ಈಮೇಲ್‌ಗೆ ಬರಲಿ. ಸ್ಕ್ರಬ್ ಮಾಡದ ಚೆಕ್‌ಸಮ್, ಯಾರೂ ತೆರೆಯದ ಫೈಲನ್ನು ಯಾವತ್ತೂ ಪರೀಕ್ಷಿಸುವುದಿಲ್ಲ.

ಕನ್ನಡದಲ್ಲಿ ಫೈಲ್ ಹೆಸರಿಡುವವರಿಗೆ ಎರಡು ವಿಶೇಷ ತೊಂದರೆಗಳಿವೆ, ಇಂಗ್ಲಿಷ್ ಕೈಪಿಡಿಗಳಲ್ಲಿ ಇವು ಸಿಗುವುದಿಲ್ಲ. ಇಎಕ್ಸ್‌ಟಿ4, ಎಕ್ಸ್‌ಎಫ್‌ಎಸ್, ಬಿಟಿಆರ್‌ಎಫ್‌ಎಸ್‌ಗಳಲ್ಲಿ ಹೆಸರಿನ ಮಿತಿ 255 ಬೈಟ್. ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್, ಕನ್ನಡದ ಪ್ರತಿ ಯೂನಿಕೋಡ್ ಚಿಹ್ನೆಗೆ 3. ಒತ್ತಕ್ಷರದಲ್ಲಿ ಅಕ್ಷರಗಳನ್ನು ಕೂಡಿಸುವ ಹಲಂತ ಚಿಹ್ನೆಯೂ ಎಣಿಕೆಗೆ ಬರುತ್ತದೆ: ‘ಯಕ್ಷಗಾನ’ ಕಣ್ಣಿಗೆ ನಾಲ್ಕು ಅಕ್ಷರ, ಒಳಗೆ 7 ಚಿಹ್ನೆ, 21 ಬೈಟ್. ಅಂದರೆ ಒಟ್ಟು 85 ಚಿಹ್ನೆಯೊಳಗೆ ಹೆಸರು ಮುಗಿಯಬೇಕು. ಎನ್‌ಟಿಎಫ್‌ಎಸ್‌ನಲ್ಲಿ ಕನ್ನಡದ 255 ಚಿಹ್ನೆ ಹಿಡಿಯುತ್ತದೆ. ಪ್ರಸಂಗ, ಮೇಳ, ಕಲಾವಿದರ ಹೆಸರು, ಊರು, ತಾರೀಕು ಎಲ್ಲವನ್ನೂ ಒಂದೇ ಹೆಸರಿನಲ್ಲಿ ತುಂಬಿದ ಫೈಲ್ ಲ್ಯಾಪ್‌ಟಾಪಿನಲ್ಲಿ ಸುಖವಾಗಿದ್ದು ನ್ಯಾಸ್‌ಗೆ ನಕಲಾಗದೆ ನಿಲ್ಲುವುದು ಇದಕ್ಕೇ. ಇಕ್ರಿಪ್ಟ್‌ಎಫ್‌ಎಸ್ ಮಾದರಿಯ ಗೂಢಲಿಪಿ ಫೋಲ್ಡರ್ ಆದರೆ ಮಿತಿ ಇನ್ನೂ ಇಳಿದು 143 ಬೈಟ್, ಕನ್ನಡದಲ್ಲಿ 47 ಚಿಹ್ನೆ. ತಾರೀಕು, ಪ್ರಸಂಗವನ್ನು ಮಾತ್ರ ಹೆಸರಿನಲ್ಲಿಟ್ಟು ಉಳಿದದ್ದನ್ನು ಫೋಲ್ಡರ್‌ಗೆ ಹಂಚಿ.

ಇನ್ನೊಂದು ಹೆಚ್ಚು ಕಾಡುವಂಥದ್ದು. ‘ಕೋ’ ಎಂಬುದರ ಓಕಾರವನ್ನು ಯೂನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿ ಬರೆಯಬಹುದು, ಬಿಡಿಸಿ ಮೂರು ಚಿಹ್ನೆಯಾಗಿಯೂ ಬರೆಯಬಹುದು. ಈಕಾರ, ಏಕಾರ, ಐಕಾರ, ಒಕಾರಗಳದ್ದೂ ಇದೇ ಕಥೆ. ಹಳೆಯ ಮ್ಯಾಕ್‌ನ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್ ಹೆಸರುಗಳನ್ನು ಬಿಡಿಸಿಯೇ ಇಡುತ್ತಿತ್ತು. ಅಲ್ಲಿಂದ ನೇರ ನಕಲಿಸಿದ್ದೂ ವಿಂಡೋಸ್‌ನಿಂದ ಬಂದದ್ದೂ ಒಂದೇ ಫೋಲ್ಡರಿನಲ್ಲಿ ಸೇರಿದರೆ ಕಣ್ಣಿಗೆ ಒಂದೇ ಹೆಸರಿನ ಎರಡು ಫೈಲ್ ಕಾಣುತ್ತವೆ, ಹುಡುಕಿದರೆ ಒಂದೇ ಸಿಗುತ್ತದೆ. ಝಡ್‌ಎಫ್‌ಎಸ್‌ನಲ್ಲಿ ಡೇಟಾಸೆಟ್ ಮಾಡುವಾಗ ‘ನಾರ್ಮಲೈಸೇಷನ್’ ಎಂಬ ಗುಣವನ್ನು ಫಾರ್ಮ್‌ಡಿ ಎಂದು ಕೊಟ್ಟರೆ ಎರಡನ್ನೂ ಒಂದೇ ಹೆಸರೆಂದು ಎಣಿಸುತ್ತದೆ. ಇದನ್ನೂ ಆಮೇಲೆ ಬದಲಿಸಲಾಗದು. ಬೇರೆ ಫೈಲ್ ಸಿಸ್ಟಮ್ ಇರುವವರು ನಕಲಿಸುವ ಮುಂಚೆ ಹೆಸರುಗಳನ್ನು ಒಂದೇ ರೂಪಕ್ಕೆ ತರುವ ಸಾಧನ ಓಡಿಸಬೇಕು.

ಯಾವ ಫೈಲ್ ಸಿಸ್ಟಮ್ ಆದರೂ ಬೆಂಕಿಗೆ, ನೀರಿಗೆ, ಕಳ್ಳರಿಗೆ ಉತ್ತರವಲ್ಲ. 2005ರ ಜುಲೈ 26ರಂದು ಸಾಂತಾಕ್ರೂಝ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ನೆಲಮಾಳಿಗೆ, ಕೆಳಮನೆಗಳಲ್ಲಿದ್ದ ಯಂತ್ರಗಳ ಗತಿ ಏನಾಯಿತೆಂದು ಆಗ ಇಲ್ಲಿದ್ದವರಿಗೆ ಗೊತ್ತು. ಇನ್ನೊಂದು ಪ್ರತಿ ಬೇರೆ ಊರಿನಲ್ಲಿರಲಿ. ಚೌತಿಗೆ ಮತ್ಸ್ಯಗಂಧ ರೈಲಿನಲ್ಲಿ ಊರಿಗೆ ಹೋಗುವವರಿಗೆ ಇದು ಸುಲಭ: ಒಂದು ಹೊರಡಿಸ್ಕ್ ಒಯ್ದು ಅಲ್ಲಿದ್ದ ಹಳೆಯದನ್ನು ತಂದರಾಯಿತು.

ಪೆಟ್ಟಿಗೆ ಕೆಟ್ಟಾಗ ಡಿಸ್ಕ್ ತೆಗೆದು ವಿಂಡೋಸ್‌ಗೆ ಸಿಕ್ಕಿಸಿದರೆ ‘ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕೇ?’ ಎಂದು ಕೇಳುತ್ತದೆ. ಬೇಡ ಎನ್ನಿ. ಅದಕ್ಕೆ ಈ ಫೈಲ್ ಸಿಸ್ಟಮ್ ಓದಲು ಬರುವುದಿಲ್ಲ ಅಷ್ಟೆ, ಡಿಸ್ಕ್ ಖಾಲಿಯಿಲ್ಲ. ಉಬುಂಟು ಹಾಕಿದ ಪೆನ್‌ಡ್ರೈವ್‌ನಿಂದ ಕಂಪ್ಯೂಟರ್ ಚಾಲೂ ಮಾಡಿ ಅಲ್ಲಿ ತೆರೆಯಿರಿ. ಪೆಟ್ಟಿಗೆಯ ತಳಕ್ಕೆ ಒಂದು ಚೀಟಿ ಅಂಟಿಸಿ: ಫೈಲ್ ಸಿಸ್ಟಮ್ ಯಾವುದು, ರೇಡ್ ಯಾವುದು, ಯಾವ ಕಿಂಡಿಯಲ್ಲಿ ಯಾವ ಸೀರಿಯಲ್ ನಂಬರಿನ ಡಿಸ್ಕ್. ನಡುರಾತ್ರಿ ಒಂದು ಡಿಸ್ಕ್ ಸತ್ತಾಗ ಚೆನ್ನಾಗಿರುವುದನ್ನೇ ಕಿತ್ತುಬಿಡುವವರು ಕಡಿಮೆಯಿಲ್ಲ.

ಈಗಾಗಲೇ ಇಎಕ್ಸ್‌ಟಿ4ನಲ್ಲಿ ತುಂಬಿಟ್ಟಿರುವವರು ಬದಲಿಸಬೇಕೆಂದರೆ, ಅಷ್ಟೂ ಹಿಡಿಯುವ ಹೊರಡಿಸ್ಕ್ ಒಂದಕ್ಕೆ ಮೊದಲು ನಕಲಿಸಿ. ಆರ್‌ಸಿಂಕ್ ಎಂಬ ನಕಲು ಸಾಧನ ಬಳಸಿ, ಎರಡನೆಯ ಸಲ ಚೆಕ್‌ಸಮ್ ಆಯ್ಕೆಯೊಂದಿಗೆ ಓಡಿಸಿ ವ್ಯತ್ಯಾಸ ಸೊನ್ನೆಯೆಂದು ನೋಡಿ. ಬೇರೆಡೆಯ ಬ್ಯಾಕಪ್ ಇದೆಯೆಂದು ಖಾತ್ರಿಯಾದ ಮೇಲೆ ಹಳೆಯ ವಾಲ್ಯೂಮ್ ಅಳಿಸಿ ಹೊಸದು ಕಟ್ಟಿ, ಚೆಕ್‌ಸಮ್ ಟಿಕ್ ಹಾಕಿ ಫೋಲ್ಡರ್ ಮಾಡಿ, ಮರಳಿ ತುಂಬಿ, ಸ್ಕ್ರಬ್ ಓಡಿಸಿ. ಆ ಮೊದಲ ಸ್ಕ್ರಬ್ ತಪ್ಪಿಲ್ಲದೆ ಮುಗಿಯುವ ತನಕ ಹೊರಡಿಸ್ಕನ್ನು ಬೇರೆ ಯಾವ ಕೆಲಸಕ್ಕೂ ತೆಗೆದುಕೊಳ್ಳಬೇಡಿ.

ಇತಿ ನಿಮ್ಮ ಓದುಗ,
ಡೊಂಬಿವಲಿ ಪೂರ್ವ